ಹನ್ನೆರಡನೆಯ ತಿಂಗಳು ಹೇಳಬಾರದ ಪ್ರಾರ್ಥನೆ

ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬುದು ನಾನು ಮಾಡುತ್ತಿದ್ದ ಪಾಠ. ಮದುವೆ ಮನೆಯಲ್ಲಿ ಯಾರಾದರೂ ಏನು ಪಾಠ ಮಾಡುತ್ತೀರಿ ಎಂದು ಕೇಳಿ, ನಾನು ಹೀಗೆಂದು ಹೇಳಿದರೆ, ಪಕ್ಕದಲ್ಲಿ ಊಟಕ್ಕೆ ಕೂತವರು ಕುರ್ಚಿಯನ್ನು ತುಸು ಆಚೆ ಎಳೆದುಕೊಳ್ಳುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ, ಶಿವಾಜಿನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಪಶ್ಚಿಮ ಏಷ್ಯಾದ ಧರ್ಮಗಳ ಇತಿಹಾಸ ಹೇಳುತ್ತಿದ್ದೆ. ಯಹೂದಿಗಳು ಸಾವು, ಪರಲೋಕ, ಲೋಕಾಂತ್ಯಗಳ ಬಗ್ಗೆ ಒಂದೊಂದು ಕಾಲಕ್ಕೆ ಏನೇನು ನಂಬಿದರು ಎಂಬ ಭಾಗ, ನಾನು ಕೆಲಸಕ್ಕೆ ಸೇರಿದ ವರ್ಷದಿಂದ ನಿವೃತ್ತಿಯಾಗುವವರೆಗೂ ನನ್ನ ಪಾಲಿಗೇ ಇತ್ತು. ಬೇರೆ ಯಾರೂ ಅದನ್ನು ಕೇಳಿ ಪಡೆಯಲಿಲ್ಲ.

ಈಗ ಆ ಜಾಗಕ್ಕೆ ಹೊಸಬರು ಬಂದಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಇದನ್ನು ಬರೆಯಬೇಕು ಅನ್ನಿಸಿದ್ದು ಮಂಜುಳಾ ಎಂಬ ವಿದ್ಯಾರ್ಥಿನಿಯಿಂದ. ಅಪ್ಪನ ಸಾವಿನ ತಪ್ಪನ್ನು ಅಪ್ಪನ ತಲೆಗೇ ಕಟ್ಟುವ ಒಂದು ಕಾಗದ ಅವಳ ಮುಂದೆ ಬಂದಿತ್ತು. ಸಹಿ ಹಾಕಿದರೆ ಮನೆ ಉಳಿಯುತ್ತಿತ್ತು. ಹಾಕಬೇಕೋ ಬೇಡವೋ ಎಂಬುದನ್ನು ಅವಳು ನನ್ನ ತರಗತಿಯಲ್ಲಿ ಕೂತು ತೀರ್ಮಾನಿಸಿದಳು. ಅದು ಅರ್ಥವಾಗಬೇಕಾದರೆ ನಮ್ಮ ಪಾಠ ಎಂಥದ್ದು ಎಂದು ಮೊದಲು ತಿಳಿಯಬೇಕು.

ಹೊರಮಾವು ಇನ್ನೂ ಹಳ್ಳಿಯಾಗಿದ್ದಾಗ ಅದರ ಹೊರಗಿನ ಕೇರಿಯಲ್ಲಿ ಹುಟ್ಟಿದವನು ನಾನು. ಊರಲ್ಲಿ ಯಾರೇ ಸತ್ತರೂ ಸುದ್ದಿಯನ್ನು ನೆಂಟರ ಊರುಗಳಿಗೆ ನಡೆದು ಮುಟ್ಟಿಸುವುದು, ತಮಟೆ ಬಡಿಯುವುದು, ಗುಂಡಿ ತೋಡುವುದು ನಮ್ಮ ಮನೆತನಕ್ಕೆ ಕಟ್ಟಿದ ಕೆಲಸ. ಸುದ್ದಿ ಹೇಳಿದವನಿಗೆ ಜಗಲಿಯ ಕೆಳಗೇ ನಿಲ್ಲಿಸಿ ಊಟ ಹಾಕುತ್ತಿದ್ದರು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡರು. ತಮಟೆಯ ಚರ್ಮ ಕಳಚಿ ಎಸೆದು, ಅದರ ಬಳೆಯನ್ನು ಅವ್ವನ ಕೋಳಿಗೂಡಿನ ಬಾಗಿಲಿಗೆ ಕಟ್ಟಿದರು. "ಇನ್ಮೇಲೆ ಅವರವರ ಹೆಣದ ಸುದ್ದಿ ಅವರವರೇ ಹೇಳ್ಕೊಳ್ಳಲಿ" ಅಂದರು. ನಮ್ಮ ಮನೆಯಲ್ಲಿ ಮೊದಲು ಸಹಿ ಹಾಕಿದವನು ನಾನು. ಕೇರಿಯಲ್ಲಿ ಮೊದಲು ಬಿ.ಎ. ಮಾಡಿದವನೂ ನಾನೇ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಕೆಲಸದ ಸಂದರ್ಶನದಲ್ಲಿ ಪ್ರಾಂಶುಪಾಲರು ಕೇಳಿದರು: "ಈ ವಿಷಯ ಯಾಕ್ರೀ ತಗೊಂಡ್ರಿ ನೀವು? ನಿಮಗೂ ಇದಕ್ಕೂ ಏನು ಸಂಬಂಧ?"

"ನಮ್ಮದು ಸಾವಿನ ಸುದ್ದಿ ಮುಟ್ಟಿಸೋ ಮನೆ ಸರ್. ಸತ್ತೋರು ಎಲ್ಲಿಗೆ ಹೋದ್ರು ಅಂತ ಮಾತ್ರ ಯಾರೂ ನಮಗೆ ಹೇಳ್ಲಿಲ್ಲ" ಅಂದೆ.

ಪ್ರಾಂಶುಪಾಲರು ಮುಂದಿನ ಕಾಗದ ತಿರುವಿದರು. ಒಬ್ಬರು ಮಾತ್ರ ಜೋರಾಗಿ ನಕ್ಕರು. ಅವರೇ ವಿಭಾಗದ ಮುಖ್ಯಸ್ಥರು, ದೇವಸಹಾಯಂ ಸರ್. ಹಲಸೂರು ಕೆರೆಯ ಹಿಂದಿನ ಬೀದಿಯವರು, ಮನೆಮಾತು ತಮಿಳು. ನನ್ನನ್ನು ತಿದ್ದಿದವರು, ಬೈದವರು, ಉಳಿಸಿದವರು ಎಲ್ಲ ಅವರೇ.

ಮೊದಲ ತಿಂಗಳಲ್ಲೇ ಎಡವಿದೆ. ಯಹೂದಿಗಳಲ್ಲೂ ಸ್ವರ್ಗ ನರಕ ಮೊದಲಿನಿಂದಲೇ ಇದ್ದಿರಬೇಕು ಎಂದುಕೊಂಡು, ಪುಣ್ಯವಂತರು ಮೇಲಕ್ಕೆ, ಪಾಪಿಗಳು ಕೆಳಕ್ಕೆ, ನಡುವೆ ಲೆಕ್ಕ ನೋಡುವವನು ಎಂದು ನೋಟ್ಸ್ ಬರೆಸಿದೆ. ಸರ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗಂಟೆ ಹೊಡೆದ ಮೇಲೆ ಕಾರಿಡಾರಿನಲ್ಲಿ ಹೆಗಲ ಮೇಲೆ ಕೈ ಹಾಕಿದರು.

"ಏನಪ್ಪಾ ಮುನಿರಾಜು, ಯಮಧರ್ಮರಾಯನ್ನ ಜೆರುಸಲೇಮ್‌ಗೆ ಟ್ರಾನ್ಸ್‌ಫರ್ ಮಾಡ್ಬಿಟ್ಟಿದೀಯ?"

"ತಪ್ಪಾಯ್ತಾ ಸರ್?"

"ತಪ್ಪಾ? ಅವರ ಹಳೇ ಕಾಲದೋರು ಕೇಳಿದ್ರೆ ಎದ್ದು ಬಂದು ಹೊಡೀತಾರೆ. ಎದ್ದು ಬರೋಕೂ ಆಗಲ್ಲ ಪಾಪ, ಆಗ ಅದೂ ಇರ್ಲಿಲ್ಲ."

ಅಂದು ಸಂಜೆ ಅವರು ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟದ್ದನ್ನೇ ಕೊನೆಯವರೆಗೂ ಹೇಳಿದೆ. ಬಹಳ ಹಳೆಯ ಕಾಲದಲ್ಲಿ ಯಹೂದಿಗಳಿಗೆ ಪರಲೋಕದ ಫಲವೆಂಬುದೇ ಇರಲಿಲ್ಲ. ಸತ್ತವರೆಲ್ಲ ನೆಲದಡಿಯ ಒಂದೇ ಕತ್ತಲೆಗೆ ಇಳಿಯುತ್ತಿದ್ದರು. ರಾಜನೂ ಅಲ್ಲಿಗೇ, ಆಳೂ ಅಲ್ಲಿಗೇ, ಒಳ್ಳೆಯವನೂ ಕೆಟ್ಟವನೂ ಅಲ್ಲಿಗೇ. ಅಲ್ಲಿ ಶಿಕ್ಷೆಯಿಲ್ಲ, ಸುಖವಿಲ್ಲ, ದೇವರ ಸ್ತುತಿಯೂ ಇಲ್ಲ. ಬರುವುದೇನಿದ್ದರೂ ಇಲ್ಲೇ ಬರಬೇಕು. ದೇವರ ಕಟ್ಟಳೆ ಪಾಲಿಸಿದರೆ ದೀರ್ಘಾಯುಸ್ಸು, ಮಕ್ಕಳು, ಹೊಲ, ಹಿರಿಯರ ಪಕ್ಕದಲ್ಲಿ ಗೋರಿ. ದೇವರಿಗೂ ಜನಕ್ಕೂ ನಡುವೆ ಇದ್ದ ಕರಾರು ಅಷ್ಟೆ.

"ಈ ಕರಾರು ಎಲ್ಲಿ ಮುರೀತು ಅಂತ ಹುಡುಕು" ಅಂದರು ಸರ್. "ಏನು ನಂಬಿದ್ರು ಅಂತ ಆಮೇಲೆ ಕೇಳು. ಯಾರು ಸತ್ತಿದ್ರು ಅಂತ ಮೊದ್ಲು ಕೇಳು. ನಂಬಿಕೆ ಬದಲಾದ ಕಡೆಯೆಲ್ಲ ಅಗೆದು ನೋಡು, ಕೆಳಗೆ ಹೆಣ ಇರುತ್ತೆ."

ಇದು ನಮ್ಮ ವಿಭಾಗದ ಪದ್ಧತಿಯಾಯಿತು. ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ. ಗೆರೆಯ ಮೇಲೆ ನಂಬಿಕೆ, ಕೆಳಗೆ ಸತ್ತವರು. ಕೆಳಗಿನದು ತುಂಬದೆ ಮೇಲಿನದನ್ನು ಬರೆಯುವಂತಿರಲಿಲ್ಲ. ಬೋರ್ಡು ಹೋಗಿ ಪ್ರೊಜೆಕ್ಟರ್ ಬಂತು, ನೋಟ್ಸ್ ಬರೆಸುವುದು ಹೋಗಿ ಜೆರಾಕ್ಸ್ ಬಂತು, ಜೆರಾಕ್ಸ್ ಹೋಗಿ ವಾಟ್ಸಾಪ್ ಬಂತು. ಗೆರೆ ಮಾತ್ರ ಉಳಿಯಿತು. ಮೌಲ್ಯಮಾಪನಕ್ಕೆ ಹೋದಾಗ ಈ ಗೆರೆಗಾಗಿ ಜಗಳವಾಡಿದ್ದೇನೆ. ಹಳೆಯ ಯಹೂದಿಗಳಿಗೆ ಸ್ವರ್ಗವಿರಲಿಲ್ಲ ಎಂದು ಸರಿಯಾಗಿ ಬರೆದ ಮಕ್ಕಳಿಗೆ ಒಬ್ಬರು ಸೊನ್ನೆ ಸುತ್ತುತ್ತಿದ್ದರು. ಯಾಕ್ರೀ ಎಂದರೆ, "ಸ್ವರ್ಗ ಇಲ್ದೆ ಧರ್ಮ ಹೆಂಗ್ರೀ ಇರುತ್ತೆ? ಗೈಡಲ್ಲಿ ಇದೆಯಲ್ಲ" ಅಂದರು. ಇಂಥವರು ನಿಮಗೂ ಸಿಗುತ್ತಾರೆ. ಕೂಗಾಡಬೇಡಿ. ಪಠ್ಯಸೂಚಿಯ ಪ್ರತಿ ಕೈಯಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತುಬಿಡಿ.

ಅವ್ವನಿಗೆ ನನ್ನ ಕೆಲಸ ಕೊನೆಯವರೆಗೂ ತಮಾಷೆಯಾಗಿತ್ತು. ಮಧ್ಯಕಾಲದ ಯಹೂದಿ ಅನುಭಾವಿಗಳಲ್ಲಿ ಕೆಲವರು ಪುನರ್ಜನ್ಮವನ್ನೂ ನಂಬಿದ್ದರು ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದೆ. ಅವ್ವ ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಅವರ್ಗೂ ಅಂಟ್ಕಂತಾ? ಮತ್ತೆ ಇದೇ ಕೇರೀಲಿ ಹುಟ್ಸೋದಾದ್ರೆ ಬ್ಯಾಡ ಅಂತ ಬರ್ಕೊಡಪ್ಪ ನನ್ ಪರವಾಗಿ" ಅಂದಳು. ಆಸ್ಪತ್ರೆಯಲ್ಲಿ ಕೊನೆಯುಸಿರಿಗೆ ಮುಂಚೆಯೂ ಇದನ್ನೇ ಹೇಳಿದಳು. ಆಗ ನಗಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಅಷ್ಟು ವರ್ಷ ಪಾಠ ಮಾಡಿದ್ದ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಈ ಕೆಲಸದಲ್ಲಿ ಇಂಥದ್ದು ಬರುತ್ತದೆ. ಸಿದ್ಧವಾಗಿರಿ ಎಂದು ಹೇಳಲಾರೆ, ಯಾಕೆಂದರೆ ಆಗುವುದಿಲ್ಲ.

ಕೊರೊನಾ ಕಾಲದಲ್ಲಿ ಫೋನಿನಲ್ಲೇ ಪಾಠ. ಒಂದೊಂದು ಚೌಕದಲ್ಲಿ ಒಂದೊಂದು ಹೆಸರು, ಕೆಲವು ಹೆಸರುಗಳು ಉತ್ತರಿಸುವುದನ್ನೇ ನಿಲ್ಲಿಸಿದ್ದವು. "ಸಾರ್, ಇದೇನಾ ಲೋಕಾಂತ್ಯ?" ಎಂದು ಒಬ್ಬ ಕೇಳಿದ. ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟಾಗಲೂ ಜನ ಹೀಗೇ ಕೇಳಿದ್ದರು ಎಂದೆ. ಕೊನೆ ಬಂತು, ಇವನೇ ಉದ್ಧಾರಕ ಎಂದು ಒಬ್ಬ ನಾಯಕನನ್ನು ನಂಬಿ ಆಮೇಲೆ ಮತ್ತೆ ದಂಗೆಯೆದ್ದರು. ಅಸಂಖ್ಯ ಜನ ಸತ್ತರು, ಅವನು ಉದ್ಧಾರಕನಾಗಿರಲಿಲ್ಲ. ಆ ಪೆಟ್ಟಿನ ನಂತರ ಅವರ ಗುರುಗಳು ಕೊನೆಯ ದಿನದ ಲೆಕ್ಕ ಹಾಕುವವರನ್ನು ಶಪಿಸಿದರು. ಉದ್ಧಾರಕ ಬರುತ್ತಾನೆ ಎಂದು ಕಾಯಬಹುದು, ಯಾವತ್ತು ಎಂದು ಕೇಳಬಾರದು. ಹುಡುಗ "ಸರಿ ಸಾರ್" ಅಂದ. ಮೈಕು ಆಫ್ ಮಾಡುವ ಮುಂಚೆ ಅವನ ಮನೆಯಲ್ಲಿ ಯಾರೋ ಕೆಮ್ಮುವುದು ಕೇಳಿಸಿತು.

ಮಂಜುಳಾ ಬಂದದ್ದು ಅದಾದ ಮೇಲಿನ ತಂಡದಲ್ಲಿ. ದೊಡ್ಡನೆಕ್ಕುಂದಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಎರಡನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು, ಬಾಯಿ ಚುರುಕು. ಅವಳ ಮನೆಯಲ್ಲೂ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಹಾಗಾಗಿ ನನಗೆ ಅವಳ ಮೇಲೆ ಒಂದು ಕಣ್ಣು. ಇದ್ದಕ್ಕಿದ್ದಂತೆ ಕೆಲವು ವಾರ ಬರಲಿಲ್ಲ. ಬಂದಾಗ ಹಣೆ ಬರಿದಾಗಿತ್ತು, ಮಾತು ನಿಂತಿತ್ತು. ಅವಳ ಅಪ್ಪ ನಾರಾಯಣಪ್ಪ ಒಂದು ಕಾರ್ಖಾನೆಯ ಹೊಲಸು ನೀರಿನ ಗುಂಡಿ ತೊಳೆಯಲು ಇಳಿದು, ವಿಷಗಾಳಿಗೆ ಉಸಿರುಕಟ್ಟಿ ಅಲ್ಲೇ ಸತ್ತಿದ್ದರು. ಇಳಿಸಿದವನು ಕೆಲಸಕ್ಕೆ ಜನ ಒದಗಿಸುತ್ತಿದ್ದ ಮೇಸ್ತ್ರಿ ರುದ್ರಪ್ಪ. ಮೂಗಿಗೆ ಕಟ್ಟಲು ಬಟ್ಟೆಯ ಚೂರೂ ಕೊಟ್ಟಿರಲಿಲ್ಲ.

ಅವಳು ವಾಪಸು ಬಂದ ವಾರ ಬೋರ್ಡಿನ ಗೆರೆ ಗ್ರೀಕ್ ರಾಜನ ಕಾಲಕ್ಕೆ ಬಂದಿತ್ತು. ನಾನು ಬೇಕೆಂದು ಆರಿಸಿದ್ದಲ್ಲ, ಸರದಿಯಲ್ಲಿ ಬಂದದ್ದು. ಆ ರಾಜ ಯಹೂದಿಗಳಿಗೆ ಹಂದಿ ಮಾಂಸ ತಿನ್ನಿ ಅಂದ, ಗಂಡು ಮಕ್ಕಳಿಗೆ ಸುನ್ನತಿ ಮಾಡಬೇಡಿ ಅಂದ. ಕಟ್ಟಳೆ ಬಿಟ್ಟವರು ಬದುಕಿದರು. ಪಾಲಿಸಿದವರನ್ನು ಮಕ್ಕಳ ಸಮೇತ ಕೊಂದ. ಪಾಲಿಸಿದರೆ ದೀರ್ಘಾಯುಸ್ಸು ಎಂಬ ಕರಾರು ಅಲ್ಲಿ ಪೂರಾ ತಲೆಕೆಳಗಾಯಿತು. ಮಣ್ಣಿನಲ್ಲಿ ಮಲಗಿದವರು ಒಂದು ದಿನ ಏಳುತ್ತಾರೆ, ಕೆಲವರು ಬಾಳಿಗೆ, ಕೆಲವರು ನಾಚಿಕೆಗೆ ಎಂಬ ಮಾತು ಅವರ ಧರ್ಮಗ್ರಂಥದಲ್ಲಿ ಸ್ಪಷ್ಟವಾಗಿ ಬರುವುದು ಆ ಹೆಣಗಳ ನಂತರ. ಪರ್ಷಿಯನ್ನರಿಂದ ಕಲಿತದ್ದೂ ಇರಬಹುದು, ಆ ವಾದ ಇನ್ನೂ ಮುಗಿದಿಲ್ಲ. ದೇವಾಲಯ ಕೈಯಲ್ಲಿಟ್ಟುಕೊಂಡಿದ್ದ ಸಿರಿವಂತ ಪುರೋಹಿತರ ಗುಂಪು ಮಾತ್ರ ಸತ್ತವರು ಏಳುವುದನ್ನು ಒಪ್ಪಲಿಲ್ಲ.

ಮಂಜುಳಾ ಅಂದು ಮೊದಲ ಬಾರಿ ಬಾಯಿ ಬಿಟ್ಟಳು. "ಅವರಿಗೆ ಯಾಕೆ ಬೇಕು ಸಾರ್? ಅವರಿಗೆ ಇಲ್ಲೇ ಎಲ್ಲ ಸಿಕ್ಕಿತ್ತಲ್ಲ."

"ಹಾಗೂ ಹೇಳ್ತಾರೆ" ಅಂದೆ.

"ಇಲ್ಲಿ ನ್ಯಾಯ ಸಿಗ್ದೇ ಇದ್ದಿದ್ದಕ್ಕೆ ಅದನ್ನ ಅಲ್ಲಿಗೆ ತಳ್ಳಿದ್ರು ಅಲ್ವಾ ಸಾರ್?"

ನಾನು ಡಸ್ಟರ್ ಹಿಡಿದು ನಿಂತಿದ್ದೆ. "ತಳ್ಳಿದ್ರೋ, ಬಿಟ್ಟುಕೊಡಬಾರ್ದು ಅಂತ ಹಿಡ್ಕೊಂಡ್ರೋ. ಎರಡೂ ಇದೆಯಮ್ಮ" ಅಂದೆ.

ಸ್ವಲ್ಪ ದಿನದ ಮೇಲೆ ಅವಳು ತಾಯಿಯನ್ನು ಕರೆದುಕೊಂಡು ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿಗೆ ಬಂದಳು. ತಾಯಿ ಲಕ್ಷ್ಮಮ್ಮ ಕೂರಲಿಲ್ಲ. ವಿಷಯ ಇಷ್ಟು: ಅವರು ಇದ್ದ ಶೀಟಿನ ಮನೆ ಮೇಸ್ತ್ರಿಯದು. ಮಂಜುಳಾಳ ತಮ್ಮನಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸುವುದಾಗಿ ಅವನು ಮಾತು ಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ ಒಂದು ಕಾಗದ. ನಾರಾಯಣಪ್ಪ ಕುಡಿದಿದ್ದ, ಬೇಡವೆಂದರೂ ತಾನಾಗಿಯೇ ಇಳಿದ ಎಂದು ಮನೆಯವರೇ ಒಪ್ಪಿ ಬರೆದುಕೊಡಬೇಕು. ಲಕ್ಷ್ಮಮ್ಮ ಹೆಬ್ಬೆಟ್ಟು ಒತ್ತಿಯಾಗಿತ್ತು. ಆದರೆ ಓದು ಬಾರದವಳ ಹೆಬ್ಬೆಟ್ಟು ಸಾಲದು, ಓದಿದ ಮಗಳ ಸಹಿಯೂ ಬೇಕು ಎಂದು ಅವನ ವಕೀಲ ಹೇಳಿದ್ದ. ಅವಳನ್ನು ಎರಡು ಬಸ್ಸು ಹತ್ತಿಸಿ ಓದಿಸಿದ್ದು ನಾರಾಯಣಪ್ಪ. ಆ ಓದಿನಿಂದಲೇ ಅವಳ ಸಹಿಗೆ ತೂಕ ಬಂದಿತ್ತು.

"ಸಾ, ನೀವಾದ್ರೂ ಬುದ್ಧಿ ಹೇಳಿ ಇವಳ್ಗೆ" ಅಂದರು ಲಕ್ಷ್ಮಮ್ಮ. "ಹೋದೋರ ಹೆಸ್ರು ಉಳ್ಸಕ್ಕೆ ಇರೋರು ಬೀದೀಗೆ ಬೀಳ್ಬೇಕಾ? ನನ್ ಗಂಡ ಬದ್ಕಿದ್ರೆ ಅವ್ರೇ ಹೇಳೋರು, ಹಾಕಮ್ಮ ಸೈನು ಅಂತ."

"ಅಮ್ಮ, ಅಪ್ಪ ಕುಡಿದಿರ್ಲಿಲ್ಲ ಅವತ್ತು."

"ಕುಡೀತಾನೇ ಇರ್ಲಿಲ್ವಾ? ಹಬ್ಬ ಹುಣ್ಣಿಮೇಲಿ ಹೊತ್ಕೊಂಡ್ ಬಂದಿರೋಳು ನಾನು. ನಂಗೇ ಹೇಳ್ಕೊಡ್ತಾಳೆ."

"ಅವತ್ತು ಕುಡಿದಿರ್ಲಿಲ್ಲ" ಎಂದಳು ಮಂಜುಳಾ ಮತ್ತೆ. ನನ್ನ ಕಡೆ ತಿರುಗಿ, "ಮೇಸ್ತ್ರಿ ಏನಂತಾನೆ ಗೊತ್ತಾ ಸಾರ್? ಮೇಲೊಬ್ಬ ಇದಾನೆ, ನ್ಯಾಯ ಅವ್ನು ನೋಡ್ಕೋತಾನೆ, ನೀನು ಸೈನ್ ಹಾಕು ಅಂತ. ಅವ್ನು ನೋಡ್ಕೊಳ್ಳೋದಾದ್ರೆ ಇವ್ನಿಗೆ ನನ್ ಸೈನ್ ಯಾಕೆ ಬೇಕು?"

ಲಕ್ಷ್ಮಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳ ಮಾತಿಗೆ ನಗು ಬಂದಿತ್ತೋ ಅಳುವೋ ತಿಳಿಯಲಿಲ್ಲ. ನಾನು ಯಾರ ಪರವಾಗಿಯೂ ಮಾತಾಡಲಿಲ್ಲ. ತಾಯಿ ಹೇಳಿದ್ದೂ ಸುಳ್ಳಲ್ಲ. ಆ ಮನೆ ಬಿಟ್ಟರೆ ಅವರಿಗೆ ಬೇರೆ ಸೂರಿರಲಿಲ್ಲ. ನನಗೆ ತಿಳಿದ ವಕೀಲರೊಬ್ಬರ ವಿಳಾಸ ಕೊಟ್ಟು, ಇವರನ್ನು ಕೇಳಿ, ಆಮೇಲೆ ತೀರ್ಮಾನಿಸಿ ಅಂದೆ. ಮೇಷ್ಟ್ರ ಕೈಯಲ್ಲಿ ಇರುವುದು ಇಷ್ಟೇ, ಇದಕ್ಕಿಂತ ದೊಡ್ಡದು ಇದೆ ಎಂದು ಹೊಸಬರು ತಿಳಿಯಬಾರದು.

ಮುಂದಿನ ಪಾಠ ಯಹೂದಿಗಳ ಶೋಕದ ಪದ್ಧತಿ. ಮೊದಲು ಜೆರುಸಲೇಮಿನ ಹೊರಗಿನ ಒಂದು ಕಣಿವೆಗಿದ್ದ ಹೆಸರೇ ಮುಂದೆ ಪಾಪಿಗಳು ಬೇಯುವ ಜಾಗದ ಹೆಸರಾಯಿತು. ಆದರೆ ಅವರ ಗುರುಗಳು ಅದಕ್ಕೊಂದು ಮಿತಿ ಇಟ್ಟರು. ಬಹುಪಾಲು ಪಾಪಿಗಳಿಗೂ ಅಲ್ಲಿ ಹೆಚ್ಚೆಂದರೆ ಹನ್ನೆರಡು ತಿಂಗಳು. ಸತ್ತ ತಂದೆ ತಾಯಿಯ ಆ ಬೇಗೆ ತಗ್ಗಲೆಂದು ಮಕ್ಕಳು ದಿನವೂ ಸಭೆಯ ನಡುವೆ ಎದ್ದು ನಿಂತು ಒಂದು ಪ್ರಾರ್ಥನೆ ಹೇಳುತ್ತಾರೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಆ ಪ್ರಾರ್ಥನೆಯನ್ನು ಹೇಳುವುದು ಹನ್ನೊಂದು ತಿಂಗಳು ಮಾತ್ರ.

"ಒಂದು ತಿಂಗಳು ಡಿಸ್ಕೌಂಟಾ ಸಾರ್?" ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕರು.

"ಡಿಸ್ಕೌಂಟ್ ಅಲ್ಲಪ್ಪ. ಪೂರ್ತಿ ಹನ್ನೆರಡು ತಿಂಗಳು ಬೇಕಾಗೋದು ಕಡು ಪಾಪಿಗೆ. ಮಗ ಹನ್ನೆರಡನೇ ತಿಂಗಳೂ ನಿಂತು ಪ್ರಾರ್ಥನೆ ಹೇಳಿದ್ರೆ, ನಮ್ಮಪ್ಪ ಅಂಥೋನು ಅಂತ ಊರಿಗೆಲ್ಲ ಸಾಕ್ಷಿ ಹೇಳಿದ ಹಾಗೆ. ಅದಕ್ಕೆ ಹನ್ನೊಂದಕ್ಕೇ ನಿಲ್ಲಿಸ್ತಾರೆ."

"ಅಪ್ಪ ನಿಜವಾಗ್ಲೂ ಅಂಥೋನೇ ಆಗಿದ್ರೆ?" ಮಂಜುಳಾಳ ದನಿ.

"ಆಗಿದ್ರೂ ಅಷ್ಟೇ. ಅದನ್ನ ಹೇಳೋಕೆ ಲೋಕದಲ್ಲಿ ಬೇಕಾದಷ್ಟು ಜನ ಇದಾರೆ. ಮಕ್ಕಳ ಬಾಯಲ್ಲಿ ಬರಬಾರ್ದು ಅನ್ನೋದು ಅವರ ಪದ್ಧತಿ."

"ಗಂಡು ಮಕ್ಕಳು ಮಾತ್ರಾನಾ ಸಾರ್ ಹೇಳೋದು?"

"ಹಿಂದೆ ಹಾಗಿತ್ತು. ಈಗ ಕೆಲವು ಕಡೆ ಹೆಣ್ಣುಮಕ್ಕಳೂ ಹೇಳ್ತಾರೆ."

ಅವಳು ತಲೆ ತಗ್ಗಿಸಿ ಕೂತಳು. ಗಂಟೆಯಾದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಸಾರ್, ನಾನು ಸೈನ್ ಹಾಕಲ್ಲ. ಅಮ್ಮನಿಗೆ ಹೇಳೋದೇ ಕಷ್ಟ" ಎಂದಳು. ನಾನು ಶಹಭಾಸ್ ಅನ್ನಲಿಲ್ಲ. ಅವಳ ಮನೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಹೋಯಿತು. ವಾರ ಕಳೆಯುವ ಮೊದಲೇ ಮೇಸ್ತ್ರಿ ಬಾಗಿಲಿಗೆ ತನ್ನ ಬೀಗ ಹಾಕಿದ. ಪಾತ್ರೆ, ಹಾಸಿಗೆ ಆಟೋದಲ್ಲಿ ಹೇರಿಕೊಂಡು ಅವರು ಕೆ.ಆರ್. ಪುರಂನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದರು. ಲಕ್ಷ್ಮಮ್ಮ ಮಗಳೊಂದಿಗೆ ಮಾತು ಬಿಟ್ಟರು. ನಾನು ವಿಳಾಸ ಕೊಟ್ಟಿದ್ದ ವಕೀಲರು ಮೇಸ್ತ್ರಿಯ ಮೇಲೆ ದಾವೆ ಹಾಕಿದರು. ಗುಂಡಿಯ ಪಕ್ಕದಲ್ಲೇ ನಿಂತು ಎಲ್ಲ ನೋಡಿದ್ದ ಜೊತೆಗಾರನೊಬ್ಬ ಮೊದಲು ಸಾಕ್ಷಿ ಹೇಳುತ್ತೇನೆ ಎಂದಿದ್ದವನು, ಕೋರ್ಟಿನಲ್ಲಿ ನನಗೇನೂ ಕಾಣಲಿಲ್ಲ ಎಂದುಬಿಟ್ಟ. ಅವನೂ ಮೇಸ್ತ್ರಿಯ ಶೀಟಿನ ಮನೆಯವನೇ.

ಮಂಜುಳಾ ಸಾಕ್ಷಿಕಟ್ಟೆ ಹತ್ತಿದ ದಿನ ನಾನೂ ಹೋಗಿದ್ದೆ. ಎದುರು ವಕೀಲ ಕೇಳಿದ: "ನಿಮ್ಮ ತಂದೆಯವರಿಗೆ ಕುಡಿಯೋ ಅಭ್ಯಾಸ ಇತ್ತು ತಾನೆ?"

"ಇತ್ತು."

"ನಿಮ್ಮ ತಾಯಿನೇ ಒಪ್ಪಿ ಹೆಬ್ಬೆಟ್ಟು ಹಾಕಿದ್ದಾರೆ. ನೀವು ಯಾಕೆ ಒಪ್ಪಲಿಲ್ಲ?"

"ಅಮ್ಮನಿಗೆ ಓದೋಕೆ ಬರಲ್ಲ. ನಂಗೆ ಬರುತ್ತೆ" ಎಂದಳು. ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.

ಅದೇ ವರ್ಷ ನಾನು ನಿವೃತ್ತನಾದೆ. ಅವಳು ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂರಲಿಲ್ಲ ಎಂದು ಆಮೇಲೆ ತಿಳಿಯಿತು. ನನ್ನ ಪತ್ರಿಕೆಯನ್ನೂ ಬರೆದಿರಲಿಲ್ಲ. ಪದವಿ ಎಂದರೆ ಏನೆಂದು ಬಲ್ಲ ನನಗೆ ಅದು ಸಾಕ್ಷಿ ತಿರುಗಿಬಿದ್ದ ಸುದ್ದಿಗಿಂತ ಕಡಿಮೆಯೇನೂ ನೋಯಿಸಲಿಲ್ಲ.

ಇತ್ತೀಚೆಗೆ ಹಲಸೂರು ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದಳು. ಇಂದಿರಾನಗರದ ಒಂದು ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ಕೊರಳಲ್ಲಿ ಐಡಿ ಕಾರ್ಡು, ಕಣ್ಣಡಿ ಕಪ್ಪು.

"ತೀರ್ಪು ಬಂತಾ ಮಂಜುಳಾ?"

"ಬಂತು ಸಾರ್. ಸೋತ್ವಿ. ಅಪ್ಪ ತಾನಾಗೇ ಇಳಿದ್ರು, ಇಳಿಸಿದ್ರು ಅನ್ನೋಕೆ ಸಾಕ್ಷಿ ಇಲ್ಲ ಅಂತ ಬರೆದಿದೆ. ಅಪೀಲ್ ಹಾಕಿದೀವಿ. ಆಗುತ್ತೆ ಅಂತ ಏನಿಲ್ಲ, ಸುಮ್ನೆ ಹಾಕಿದೀವಿ."

"ಅಮ್ಮ ಹೇಗಿದಾರೆ? ಮಾತಾಡ್ತಾರಾ?"

"ಅಡುಗೆ ಆಗಿದೆ, ಊಟ ಮಾಡು. ಅಷ್ಟೇ." ಸ್ವಲ್ಪ ನಕ್ಕಳು. "ತಮ್ಮ ಡೆಲಿವರಿ ಬೈಕ್ ಓಡಿಸ್ತಾನೆ. ಅವ್ನೂ ಬೈತಾನೆ. ಬೈಲಿ ಸಾರ್, ಅವ್ನಿಗೆ ಸಿಗ್ಬೇಕಿದ್ದ ಕಾರ್ಖಾನೆ ಕೆಲ್ಸ ಹೋಗಿದ್ದು ನನ್ನಿಂದಾನೇ."

ಪರೀಕ್ಷೆಯ ಮಾತೆತ್ತಬೇಕೆಂದಿದ್ದೆ. ಶುಲ್ಕ ಕಟ್ಟಿ ಮತ್ತೆ ಬರೆಯಬಹುದು, ನಾನೇ ಹೇಳಿಕೊಡುತ್ತೇನೆ ಎಂದೆಲ್ಲ ಬಾಯಿಗೆ ಬಂದಿತ್ತು. ಹಳಿಯ ದೂರದ ತುದಿಯಲ್ಲಿ ರೈಲಿನ ಬೆಳಕು ಕಾಣಿಸಿತು. ಅವಳು ಬ್ಯಾಗನ್ನು ಎದೆಗವಚಿಕೊಂಡು ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹತ್ತಿರ ನಿಂತಳು. ಜನ ಹಿಂದಿನಿಂದ ಒತ್ತತೊಡಗಿದರು.

"ಅಪ್ಪಂದೇ ತಪ್ಪು ಅಂತ ಕೋರ್ಟು ಬರೀತು ಸಾರ್" ಎಂದಳು, ತಿರುಗದೆ. "ನಾನು ಬರೀಲಿಲ್ಲ."

ಬಾಗಿಲು ತೆರೆಯಿತು. ಒಳಗೆ ಹೋಗಿ, ಕಂಬಿ ಹಿಡಿದು ನಿಂತಳು. ಕೂರಲು ಜಾಗವಿರಲಿಲ್ಲ.